ತಳಿ ನೋಡಿ ನಾಯಿಯ ಗುಣ ಹೇಳಬಹುದೇ? ಶೇ. 9ರ ಲೆಕ್ಕದ ಟಿಪ್ಪಣಿ

ಲ್ಯಾಬ್ರಡಾರ್ ಅಂದರೆ ಪಾಪದ್ದು, ಡಾಬರ್‌ಮನ್ ಅಂದರೆ ತಲೆ ಕೆಟ್ಟದ್ದು, ನಾಟಿ ನಾಯಿಗೆ ಎಷ್ಟು ಕಲಿಸಿದರೂ ಅಷ್ಟೇ. ತುಮಕೂರಿನ ಬಡಾವಣೆಯಲ್ಲಿ ವಾಕಿಂಗ್ ಹೋಗುವವರೂ ಹೀಗೇ ಹೇಳುತ್ತಾರೆ, ತಿಪಟೂರು ಕಡೆ ತೆಂಗಿನ ತೋಟ ಕಾಯಲು ನಾಯಿ ಕಟ್ಟಿದವರೂ ಹೀಗೇ ಹೇಳುತ್ತಾರೆ. "ತಳಿ ಗಿಳಿ ಏನಿಲ್ಲ, ಎಲ್ಲಾ ಸಾಕೋರ ಕೈಲಿ" ಎನ್ನುವ ಇನ್ನೊಂದು ಗುಂಪೂ ಇದೆ. ಎರಡು ಗುಂಪಿಗೂ ತಮ್ಮ ಪರವಾಗಿ ತೋರಿಸಲು ಸಂಶೋಧನೆಯ ಅಂಕಿ ಸಿಗುತ್ತದೆ. ತೊಂದರೆ ಇರುವುದು ಅಲ್ಲೇ. ನಾಯಿ ವರ್ತನೆ ಓದಲು ಶುರು ಮಾಡಿದವರಿಗೆ ಈ ಅಂಕಿಗಳು ಒಂದನ್ನೊಂದು ಕಚ್ಚಾಡುವಂತೆ ಕಾಣುತ್ತವೆ. ಅವನ್ನು ಬಿಡಿಸಿಟ್ಟುಕೊಳ್ಳಲು ಈ ಟಿಪ್ಪಣಿ.

ಮೂರು ಅಂಕಿ, ಮೂರು ಬೇರೆ ಪ್ರಶ್ನೆ

2022ರಲ್ಲಿ ಕ್ಯಾಥ್ಲೀನ್ ಮೊರಿಲ್, ಎಲಿನರ್ ಕಾರ್ಲ್‌ಸನ್ ತಂಡ ಅಮೆರಿಕದಲ್ಲಿ ದೊಡ್ಡ ಅಧ್ಯಯನವೊಂದನ್ನು ಪ್ರಕಟಿಸಿತು. 18,385 ನಾಯಿಗಳ ಬಗ್ಗೆ ಮಾಲೀಕರು ಪ್ರಶ್ನಾವಳಿ ತುಂಬಿದ್ದರು, 2,155 ನಾಯಿಗಳ ಡಿಎನ್‌ಎ ಓದಲಾಗಿತ್ತು. ಬೆರಕೆ ನಾಯಿಗಳೂ ಬಹಳ ಇದ್ದವು. ಅದರಿಂದ ಬರುವ ಎರಡು ಅಂಕಿ: ಹೆಚ್ಚಿನ ವರ್ತನೆಗಳ ಆನುವಂಶಿಕತೆ (ನಾಯಿ ನಾಯಿಗಳ ವ್ಯತ್ಯಾಸದಲ್ಲಿ ವಂಶವಾಹಿಯ ಪಾಲು) ಶೇ. 25ಕ್ಕಿಂತ ಮೇಲು, ಆದರೆ ಒಂದೊಂದು ನಾಯಿಯ ವರ್ತನೆಯ ವ್ಯತ್ಯಾಸದಲ್ಲಿ ತಳಿ ವಿವರಿಸುವುದು ಬರೀ ಶೇ. 9.

ಮೂರನೆಯದು 2019ರದು. ಇವಾನ್ ಮೆಕ್‌ಲೀನ್ ತಂಡ 101 ತಳಿಗಳ 14,000ಕ್ಕೂ ಹೆಚ್ಚು ನಾಯಿಗಳ ಪ್ರಶ್ನಾವಳಿ ಮಾಹಿತಿ ತೆಗೆದುಕೊಂಡು, ಕಲಿಯುವಿಕೆ, ಅಪರಿಚಿತರ ಮೇಲಿನ ಆಕ್ರಮಣ, ಅಟ್ಟಿಸಿಕೊಂಡು ಹೋಗುವ ಗುಣ ಇಂಥವುಗಳಲ್ಲಿ ತಳಿ ತಳಿಗಳ ನಡುವಿನ ವ್ಯತ್ಯಾಸದ ಅರ್ಧಕ್ಕಿಂತ ಹೆಚ್ಚು ವಂಶವಾಹಿಯದು ಎಂದಿತು.

9, 25, 50ರ ಮೇಲೆ. ಮೂರೂ ಸರಿ. ಯಾವುದು ಯಾವ ಪ್ರಶ್ನೆಗೆ ಉತ್ತರ ಅನ್ನುವುದೇ ಎಡವುವ ಜಾಗ, ಹಾಗಾಗಿ ಇದನ್ನು ನಿಧಾನವಾಗಿ, ಸಣ್ಣ ಅಂಕಿ ಇಟ್ಟು ಮಾಡೋಣ.

'ಕರೆದರೆ ಬರುವ' ಗುಣಕ್ಕೆ 10ರಲ್ಲಿ ಅಂಕ ಕೊಡುತ್ತೇವೆ ಎಂದಿಟ್ಟುಕೊಳ್ಳಿ. ಅ ತಳಿಯ ಐದು ನಾಯಿಗಳಿಗೆ 3, 4, 5, 6, 7. ಬ ತಳಿಯ ಐದಕ್ಕೆ 2, 3, 4, 5, 6. ಸರಾಸರಿ 5 ಮತ್ತು 4. ಹತ್ತೂ ನಾಯಿಗಳ ಸರಾಸರಿ 4.5.

ಮೊದಲು ತಳಿಯೊಳಗಿನ ವ್ಯತ್ಯಾಸ. ಪ್ರತಿ ನಾಯಿ ತನ್ನ ತಳಿಯ ಸರಾಸರಿಯಿಂದ ಎಷ್ಟು ದೂರ ಇದೆಯೋ ಅದರ ವರ್ಗ ತೆಗೆದು ಕೂಡಿಸಿ. ಅ ತಳಿಯಲ್ಲಿ 4+1+0+1+4 = 10. ಬ ತಳಿಯಲ್ಲೂ 10. ಒಟ್ಟು 20.

ಈಗ ತಳಿಗಳ ನಡುವಿನದು. ಪ್ರತಿ ತಳಿಯ ಸರಾಸರಿ 4.5ರಿಂದ 0.5 ದೂರ. ಅದರ ವರ್ಗ 0.25. ಹತ್ತು ನಾಯಿಗೆ 2.5.

ಒಟ್ಟು ವ್ಯತ್ಯಾಸ 22.5. ಅದರಲ್ಲಿ ತಳಿಯ ಪಾಲು 2.5, ಅಂದರೆ ಸುಮಾರು ಶೇ. 11. ಮೊರಿಲ್ ತಂಡದ 9ಕ್ಕೆ ಹತ್ತಿರ ಇರಲಿ ಎಂದೇ ಈ ಅಂಕಿಗಳನ್ನು ಆರಿಸಿದ್ದು.

ಗಮನಿಸಬೇಕಾದ್ದು ಇದು: ಅ ತಳಿ ನಿಜಕ್ಕೂ ಮೇಲು. ಸರಾಸರಿಯಲ್ಲಿ ಪೂರ್ತಿ ಒಂದು ಅಂಕ ಮುಂದಿದೆ, ಯಾರೂ ಅಲ್ಲಗಳೆಯುವ ಹಾಗಿಲ್ಲ. ಆದರೂ ಒಂದು ನಾಯಿಯನ್ನು ಮುಂದೆ ನಿಲ್ಲಿಸಿ ಊಹಿಸು ಎಂದರೆ ತಳಿಯ ಹೆಸರು ಕೈಕೊಡುತ್ತದೆ. ಎಷ್ಟು ಕೈಕೊಡುತ್ತದೆ ಎಂದು ನೋಡಲು ಶೇಕಡಾವಾರಿಗಿಂತ ಜೋಡಿ ಎಣಿಸುವುದು ಸುಲಭ. ಅ ತಳಿಯಿಂದ ಒಂದು, ಬ ತಳಿಯಿಂದ ಒಂದು ತೆಗೆದರೆ 25 ಜೋಡಿ ಆಗುತ್ತವೆ. ಅ ಗೆಲ್ಲುವುದು 15ರಲ್ಲಿ, ಸಮ 4ರಲ್ಲಿ, ಬ ಗೆಲ್ಲುವುದು 6ರಲ್ಲಿ. ಪರೀಕ್ಷೆಯಲ್ಲಾಗಲಿ ವಾದದಲ್ಲಾಗಲಿ 'ಶೇ. 9 ಅಂದರೆ ಏನು' ಎಂದು ಕೇಳಿದರೆ ಈ 25 ಜೋಡಿಯನ್ನು ಬರೆದು ತೋರಿಸಿದರೆ ಸಾಕು, ಸೂತ್ರ ಬೇಡ.

ಹಾಗಾದರೆ 2019ರ ದೊಡ್ಡ ಅಂಕಿ ಎಲ್ಲಿಂದ ಬಂತು? ಅಲ್ಲಿ ಹೋಲಿಸಿದ್ದು ತಳಿಗಳ ಸರಾಸರಿಯನ್ನು. ನಮ್ಮ ಲೆಕ್ಕದಲ್ಲಿ 5 ಮತ್ತು 4 ಮಾತ್ರ ಇಟ್ಟುಕೊಂಡು ಉಳಿದ ಹತ್ತು ಅಂಕಿಗಳನ್ನು ಅಳಿಸಿಬಿಟ್ಟ ಹಾಗೆ. ತಳಿಯೊಳಗಿನ ಆ 20 ಅಲ್ಲಿಗೇ ಮಾಯ. ಉಳಿದ ಸಣ್ಣ 2.5ರಲ್ಲಿ ವಂಶವಾಹಿಯ ಪಾಲೆಷ್ಟು ಎಂಬುದಕ್ಕೆ ಉತ್ತರ 'ಅರ್ಧಕ್ಕಿಂತ ಹೆಚ್ಚು'. ಸಣ್ಣ ತುಂಡಿನ ದೊಡ್ಡ ಪಾಲು.

25ರದು ಇನ್ನೂ ಬೇರೆ. ಅಲ್ಲಿ ತಳಿಯ ಹೆಸರನ್ನೇ ಕೇಳುವುದಿಲ್ಲ. ಒಂದು ನಾಯಿಯ ಡಿಎನ್‌ಎ ಇನ್ನೊಂದರದ್ದಕ್ಕೆ ಎಷ್ಟು ಹೋಲುತ್ತದೋ ವರ್ತನೆಯೂ ಅಷ್ಟು ಹೋಲುತ್ತದೆಯೇ ಎಂಬುದು ಪ್ರಶ್ನೆ. ತಳಿಯ ಒಳಗೇ ಇರುವ ವಂಶವಾಹಿ ವ್ಯತ್ಯಾಸವೂ ಇದರಲ್ಲಿ ಸೇರುತ್ತದೆ.

ಉಳಿದ 91 'ಸಾಕಣೆ' ಅಲ್ಲ

ಹೆಚ್ಚು ಜನ ಬೀಳುವ ಗುಂಡಿ ಇದು. 100ರಲ್ಲಿ 9 ಕಳೆದರೆ 91, ಅದೆಲ್ಲಾ ಬೆಳೆಸಿದ ರೀತಿ ಎಂದು ಬರೆದುಬಿಡುತ್ತೇವೆ. ತಪ್ಪು. ಆ 91ರಲ್ಲಿ ಅದೇ ತಳಿಯೊಳಗಿನ ವಂಶವಾಹಿ ವ್ಯತ್ಯಾಸ ಇದೆ, ವಯಸ್ಸು ಇದೆ, ಗಂಡೋ ಹೆಣ್ಣೋ ಎಂಬುದಿದೆ, ಕಾಯಿಲೆ ನೋವು ಇದೆ, ಮಾಲೀಕರು ಪ್ರಶ್ನಾವಳಿಯಲ್ಲಿ ಅಂದಾಜಿಗೆ ತುಂಬಿದ ಉತ್ತರದ ದೋಷವೂ ಇದೆ. ಸಾಕಣೆ ಅದರಲ್ಲಿ ಒಂದು ಭಾಗ. ಒಂದೇ ಸೂಲಿನ ಎರಡು ಮರಿಗಳನ್ನು ಒಂದೇ ಮನೆಯಲ್ಲಿ ಒಂದೇ ಮುದ್ದೆ ಹಾಕಿ ಬೆಳೆಸಿದರೂ ಒಂದು ಧೈರ್ಯಸ್ಥ, ಇನ್ನೊಂದು ಪುಕ್ಕಲು ಆಗುವುದುಂಟು. ತಳಿಯೂ ಒಂದೇ, ಸಾಕಣೆಯೂ ಒಂದೇ.

ಆನುವಂಶಿಕತೆ ನಾಯಿಗೆ ಅಂಟಿಕೊಂಡ ಸ್ಥಿರಾಂಕವೂ ಅಲ್ಲ. ಎಲ್ಲ ಮರಿಗಳನ್ನೂ ಒಂದೇ ರೀತಿ ಬೆಳೆಸಿದರೆ ಆ ಅಂಕಿ ಮೇಲೇರುತ್ತದೆ, ಏಕೆಂದರೆ ಬದಲಾಗಲು ಉಳಿದಿರುವುದು ವಂಶವಾಹಿ ಮಾತ್ರ. ಒಂದೊಂದನ್ನು ಒಂದೊಂದು ರೀತಿ ಬೆಳೆಸಿದರೆ ಅದೇ ಅಂಕಿ ಇಳಿಯುತ್ತದೆ.

ಇನ್ನೊಂದು ಸಿಕ್ಕು. ತೋಟಕ್ಕೆ 'ರೋಷ ಇರೋ ನಾಯಿ' ಬೇಕು ಎನ್ನುವವರು ರಾಟ್‌ವೀಲರ್ ತಂದು ಹಗಲೆಲ್ಲ ಸರಪಳಿಗೆ ಕಟ್ಟುತ್ತಾರೆ, ಹೊರಗಿನವರ ಹತ್ತಿರ ಸೇರಿಸುವುದೇ ಇಲ್ಲ. ಮಕ್ಕಳಿರುವ ಮನೆಯವರು ಲ್ಯಾಬ್ರಡಾರ್ ತಂದು ಸೋಫಾ ಮೇಲೆ ಕೂರಿಸುತ್ತಾರೆ. ಮೂರು ವರ್ಷದ ನಂತರ ಎರಡನ್ನೂ ಹೋಲಿಸಿ 'ನೋಡಿ, ತಳಿ' ಎನ್ನುತ್ತೇವೆ. ತಳಿಯೂ ಸಾಕಣೆಯೂ ಜೊತೆಜೊತೆಯಾಗೇ ಬಂದಾಗ ಬರೀ ನೋಡಿ ಬೇರ್ಪಡಿಸಲು ಆಗುವುದಿಲ್ಲ.

ತಳಿ ನಿಜಕ್ಕೂ ಹೊತ್ತು ತರುವುದು

ತಳಿ ಗಟ್ಟಿಯಾಗಿ ಮಾತಾಡುವುದು ಚಲನೆಯ ಮಾದರಿಗಳಲ್ಲಿ. ಬೇಟೆಯ ಸರಪಣಿ ಹೀಗಿದೆ: ಗುರುತಿಸು, ದಿಟ್ಟಿಸು, ಹೊಂಚು, ಅಟ್ಟು, ಹಿಡಿ, ಕೊಲ್ಲು, ಹರಿ. ಕುರಿ ಅಟ್ಟಿ ಒಟ್ಟುಗೂಡಿಸುವ ಬಾರ್ಡರ್ ಕಾಲಿಯಲ್ಲಿ ದಿಟ್ಟಿಸುವುದೂ ಹೊಂಚುವುದೂ ಉಬ್ಬಿವೆ, ಹಿಡಿದು ಕೊಲ್ಲುವುದು ಕುಗ್ಗಿದೆ. ರಿಟ್ರೀವರ್‌ಗಳಲ್ಲಿ ಹಿಡಿಯುವುದು ಇದೆ, ಮೆತ್ತಗೆ. ಮಂದೆಯ ಜೊತೆಗಿದ್ದು ಕಾವಲು ಕಾಯಲೆಂದೇ ಆಯ್ದ ತಳಿಗಳಲ್ಲಿ ಇಡೀ ಸರಪಣಿಯೇ ಸಡಿಲ. ನಮ್ಮ ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ಜಾತಿ, ಅಟ್ಟುವ ಕೊಂಡಿ ಬಲವಾದದ್ದು. ಶಿರಾ, ಪಾವಗಡದ ಬಯಲಲ್ಲಿ ಮೊಲ ಎದ್ದರೆ ಅದು ನಿಮ್ಮ ಕರೆ ಕೇಳಲಿಲ್ಲ ಎಂದು ಬೈದು ಪ್ರಯೋಜನವಿಲ್ಲ; ಬೇಲಿ ಇಲ್ಲದ ಕಡೆ 10 ಮೀಟರ್ ಹಗ್ಗ ಇರಲಿ.

ಹೇಳಿದ್ದು ಕೇಳುವ ಗುಣಕ್ಕೂ ತಳಿ ಸ್ವಲ್ಪ ಸುಳಿವು ಕೊಡುತ್ತದೆ. ಲ್ಯಾಬ್ರಡಾರ್ ತಿನ್ನುವ ಹುಚ್ಚಿಗೂ ಕಾರಣ ಸಿಕ್ಕಿದೆ: ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ನಲ್ಲಿ ಪಿಒಎಂಸಿ ಎಂಬ ವಂಶವಾಹಿಯ ತುಂಡೊಂದು ಕಾಣೆಯಾಗಿರುತ್ತದೆ ಎಂದು 2016ರಲ್ಲಿ ಗೊತ್ತಾಯಿತು. ಅಂಥ ನಾಯಿಗೆ ಹಸಿವು ಹೆಚ್ಚು, ತೂಕವೂ ಹೆಚ್ಚು.

ಆದರೆ ಎಲ್ಲರೂ ಕೇಳುವ ಗುಣ, ಎಷ್ಟು ಬೇಗ ಕೆರಳುತ್ತದೆ ಎಂಬುದು, ಅದರಲ್ಲಿ ತಳಿ ಹೆಚ್ಚುಕಡಿಮೆ ಏನೂ ಹೇಳುವುದಿಲ್ಲ ಎಂದು 2022ರ ಅಧ್ಯಯನ ತೋರಿಸಿತು. ಮೆಕ್‌ಲೀನ್ ತಂಡದ ಅಪರಿಚಿತರ ಮೇಲಿನ ಆಕ್ರಮಣದ ಅಂಕಿಗೂ ಇದಕ್ಕೂ ಜಗಳ ಹಚ್ಚಬೇಡಿ: ಅದು ಸರಾಸರಿಗಳ ಮಾತು, ಇದು ಬಿಡಿ ನಾಯಿಯ ಮಾತು, ಕೇಳಿದ ಪ್ರಶ್ನೆಗಳೂ ಬೇರೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಪಶುಸಂಗೋಪನಾ ಇಲಾಖೆ 23 ತಳಿಗಳಿಗೆ ತಡೆ ಹಾಕಿ ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ಕಚ್ಚುವ ಸಾಧ್ಯತೆಯನ್ನು ತಳಿಯ ಪಟ್ಟಿಯಿಂದ ಅಳೆಯುವುದು ಕಷ್ಟ. ಕಚ್ಚಿದರೆ ಆಗುವ ಗಾಯ ಮಾತ್ರ ದೇಹದ ಗಾತ್ರ, ದವಡೆಯ ಬಲಕ್ಕೆ ತಕ್ಕ ಹಾಗೆ. 40 ಕೆ.ಜಿ. ನಾಯಿಯ ಒಂದು ತಪ್ಪು, 6 ಕೆ.ಜಿ. ಪಾಮರೇನಿಯನ್‌ನ ಹತ್ತು ತಪ್ಪಿಗಿಂತ ದುಬಾರಿ. ಕಚ್ಚುವ ಸಾಧ್ಯತೆ, ಕಚ್ಚಿದರೆ ಆಗುವ ಗಾಯ, ಈ ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಬಾರದು.

ಬಣ್ಣ, ಕಿವಿ ನೋಡಿ ತಳಿ ಹೇಳುವುದೂ ನಂಬಿಕಸ್ತ ದಾರಿ ಅಲ್ಲ. ಕೂದಲಿನ ಬಣ್ಣ, ಉದ್ದ ಕೆಲವೇ ವಂಶವಾಹಿಗಳ ಆಟ, ವರ್ತನೆಗೆ ನೂರಾರು ಸೇರುತ್ತವೆ. ಸಂತೆಯಲ್ಲಿ 'ಒರಿಜಿನಲ್ ಜರ್ಮನ್ ಶೆಫರ್ಡ್' ಎಂದು ಮಾರುವ ಕಪ್ಪು ಬೆನ್ನಿನ ಮರಿಯಲ್ಲಿ ಶೆಫರ್ಡ್‌ನ ಬೆನ್ನು ಮಾತ್ರ ಇದ್ದೀತು.

3ರಿಂದ 14 ವಾರ

ಸಾಕಣೆಯ ಪಾಲು ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಮರಿಯ ಈ ವಯಸ್ಸಿನಲ್ಲಿ. ಜನರಿಗೂ ಹೊಸ ಸಂಗತಿಗಳಿಗೂ ಮರಿ ಸುಲಭವಾಗಿ ಒಗ್ಗಿಕೊಳ್ಳುವ ಕಿಟಕಿ ಇದು. 1961ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಾಕರ್ ಸ್ಪ್ಯಾನಿಯಲ್, ಬೀಗಲ್ ಮರಿಗಳನ್ನು ಬೇಲಿಯೊಳಗೆ ಮನುಷ್ಯರ ಸಂಪರ್ಕವಿಲ್ಲದೆ ಬೆಳೆಸಿ, ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮಾತ್ರ ಹೊರಗೆ ತಂದು ಮುಟ್ಟಿ ಆಡಿಸಿದರು. 14 ವಾರದವರೆಗೂ ಮುಟ್ಟದೆ ಬಿಟ್ಟವು ಕಾಡುಪ್ರಾಣಿಯಂತೆ ದೂರ ಸರಿದವು. ಬೀಗಲ್, ಕಾಕರ್ ಎರಡೂ ಸ್ನೇಹಕ್ಕೆ ಹೆಸರಾದ ತಳಿಗಳು. ಸ್ಕಾಟ್ ಮತ್ತು ಫುಲ್ಲರ್ ಐದು ತಳಿಗಳ ಮೇಲೆ ನಡೆಸಿ 1965ರಲ್ಲಿ ಹೊರತಂದ ದೀರ್ಘ ಕೆಲಸವೂ ಇದೇ ಅವಧಿಯನ್ನು ಬೆಟ್ಟು ಮಾಡಿತು.

ನಮ್ಮ ಕಡೆ ಇದಕ್ಕೆ ಎರಡು ಅಡ್ಡಿ. ಒಂದು, ಹಾಲು ಬಿಟ್ಟ ಕೂಡಲೇ 4-5 ವಾರಕ್ಕೇ ಮರಿ ಕೊಟ್ಟುಬಿಡುವ ರೂಢಿ. ಹಲ್ಲು ಎಷ್ಟು ಊರಿದರೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆ ಆಡುವಾಗ. ಮೊದಲೇ ಕಿತ್ತು ತಂದರೆ ಆ ಪಾಠ ತಪ್ಪುತ್ತದೆ. 8 ವಾರ ತಾಯಿ ಹತ್ತಿರ ಇರಲಿ. ಎರಡು, ಪಾರ್ವೊ (ಮರಿಗಳ ಪ್ರಾಣ ತೆಗೆಯುವ ವಾಂತಿ-ಭೇದಿ ರೋಗ) ಭಯಕ್ಕೆ 16 ವಾರದ ಲಸಿಕೆ ಮುಗಿಯುವ ತನಕ ಮರಿಯನ್ನು ಗೇಟಿನೊಳಗೇ ಇಡುವುದು. ಪಾರ್ವೊ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಭಯ ಸುಳ್ಳಲ್ಲ. ಆದರೆ ಲಸಿಕೆ ಮುಗಿಯುವಷ್ಟರಲ್ಲಿ ಕಿಟಕಿಯೂ ಮುಚ್ಚಿರುತ್ತದೆ. ದಾರಿ: 6-8 ವಾರಕ್ಕೆ ಮೊದಲ ಲಸಿಕೆ, ಅದಾಗಿ ಕನಿಷ್ಠ 7 ದಿನ ಬಿಟ್ಟು ಹೊರಗೆ. ಬೀದಿನಾಯಿ ಓಡಾಡುವ ನೆಲಕ್ಕೆ ಇಳಿಸದೆ ಎತ್ತಿಕೊಂಡೋ ಬುಟ್ಟಿಯಲ್ಲೋ. ಲಸಿಕೆ ಹಾಕಿಸಿದ ದೊಡ್ಡ ನಾಯಿ ಇರುವ ಮನೆಯ ಅಂಗಳ ಒಳ್ಳೆಯದು. ಉಳಿದ ಡೋಸ್ 3-4 ವಾರಕ್ಕೊಮ್ಮೆ 16 ವಾರದ ತನಕ, ರೇಬಿಸ್ ಲಸಿಕೆ 3 ತಿಂಗಳಿಗೆ.

ಏನೇನು ತೋರಿಸಬೇಕು ಎಂಬುದು ಊರಿನ ಮೇಲೆ. ಶಿಡ್ಲಘಟ್ಟದ ಮನೆಯಾದರೆ ರೇಷ್ಮೆ ಬಿಚ್ಚುವ ಯಂತ್ರದ ಸದ್ದು, ಕೋಲಾರದ ಎಪಿಎಂಸಿ ಹತ್ತಿರವಾದರೆ ಟೊಮೆಟೊ ಕ್ರೇಟು ಎಸೆಯುವ ಸದ್ದು, ಲಾರಿ ಹಾರನ್ನು. ಎಲ್ಲ ಕಡೆ: ಹೆಲ್ಮೆಟ್ ಹಾಕಿದವರು, ಕೊಡೆ, ತಲೆಮೇಲೆ ಹುಲ್ಲಿನ ಹೊರೆ ಹೊತ್ತವರು, ಓಡುವ ಮಕ್ಕಳು, ಎಮ್ಮೆ, ಕುರಿಮಂದೆ, ತಮಟೆ. ತಮಟೆಯ ರೆಕಾರ್ಡಿಂಗನ್ನು ಕಿವಿ ತಿರುಗಿಸಿದರೂ ತಿನ್ನುವುದು ನಿಲ್ಲಿಸದಷ್ಟು ಸಣ್ಣಗೆ ಶುರು ಮಾಡಿ, 2-3 ನಿಮಿಷ, ದಿನಕ್ಕಿಷ್ಟು ಏರಿಸುತ್ತಾ ಹೋಗಿ. ತಿನಿಸಿಗೆ ಬೇಯಿಸಿದ ಕೋಳಿ ಲಿವರ್, ಅರ್ಧ ಕಡಲೆಬೀಜದಷ್ಟು ತುಂಡು. ಚಿಕ್ಕಬಳ್ಳಾಪುರ ಸೀಮೆಯವರಿಗೆ ಒಂದು ಎಚ್ಚರಿಕೆ: ಕೈಗೆಟಕುವ ದ್ರಾಕ್ಷಿಯನ್ನಾಗಲಿ ಒಣದ್ರಾಕ್ಷಿಯನ್ನಾಗಲಿ ಕೊಡಬೇಡಿ, ನಾಯಿಯ ಮೂತ್ರಪಿಂಡ ಕೆಡಬಹುದು.

ಮರಿ ಆರಿಸುವಾಗ ಬಣ್ಣಕ್ಕಿಂತ ಮೊದಲು ತಾಯಿಯನ್ನು ನೋಡಿ. ಹೊಸಬರು ಬಂದಾಗ ಮೂಲೆ ಸೇರುವ ತಾಯಿ ವಂಶವಾಹಿಯಲ್ಲೂ ಭಯ ಕೊಡುತ್ತದೆ, ಮರಿಗಳೆದುರು ನಡೆದು ತೋರಿಸಿಯೂ ಕೊಡುತ್ತದೆ. ಯಾವುದು ಎಷ್ಟು ಎಂದು ನಮಗೆ ಗೊತ್ತಾಗಬೇಕಿಲ್ಲ, ಎರಡೂ ಒಂದೇ ಕಡೆ ಎಳೆಯುತ್ತವೆ.

ಕಿಟಕಿ ಮುಚ್ಚಿದ ಮೇಲೆ ಬಂದ ನಾಯಿ

ಬೀದಿಯಿಂದ ತಂದ ಒಂದೂವರೆ ವರ್ಷದ ನಾಟಿ ನಾಯಿ ಟ್ರ್ಯಾಕ್ಟರ್ ಕಂಡರೆ ಹಾರಿ ಬೊಗಳುತ್ತದೆ ಎನ್ನಿ. ಹೊಡೆಯುವುದು ಬೇಡ, 2009ರ ಒಂದು ಸಮೀಕ್ಷೆಯಲ್ಲಿ ಹೊಡೆತ, ಒದೆತ ಬಳಸಿದ ಮಾಲೀಕರಲ್ಲಿ ಶೇ. 43ರಷ್ಟು ಮಂದಿ ನಾಯಿ ತಿರುಗಿಬಿತ್ತು ಎಂದಿದ್ದರು. ಗುರ್ ಎಂದಿದ್ದಕ್ಕೆ ಬಾರಿಸಿದರೆ ಗುರ್ ನಿಲ್ಲುತ್ತದೆ, ಭಯ ನಿಲ್ಲುವುದಿಲ್ಲ. ಮುಂದಿನ ಸಲ ಸೂಚನೆ ಇಲ್ಲದೆ ಹಲ್ಲು. 'ಬೊಗಳುವ ನಾಯಿ ಕಚ್ಚುವುದಿಲ್ಲ' ಗಾದೆಯನ್ನು ನಂಬಿ ಕೈ ಚಾಚಬೇಡಿ, ಹೆದರಿ ಬೊಗಳುವ ನಾಯಿ ಮೂಲೆಗೆ ಸಿಕ್ಕರೆ ಖಂಡಿತ ಕಚ್ಚೀತು. ಅದಕ್ಕೂ ಮೊದಲು ತುಟಿ ನೆಕ್ಕುವುದು, ಆಕಳಿಕೆ, ಮುಖ ತಿರುಗಿಸುವುದು, ಕಣ್ಣಿನ ಬಿಳಿ ಕಾಣುವುದು, ಮೈ ಸೆಟೆಯುವುದು ಬಂದು ಹೋಗಿರುತ್ತವೆ.

ಮಾಡಬೇಕಾದ್ದು: ಟ್ರ್ಯಾಕ್ಟರ್ ಕಂಡರೂ ತಿನಿಸು ತೆಗೆದುಕೊಳ್ಳುವಷ್ಟು ದೂರ ಹುಡುಕಿ, 30 ಮೀಟರ್ ಆಗಲಿ 60 ಆಗಲಿ. ಟ್ರ್ಯಾಕ್ಟರ್ ಕಂಡಿತು, ತಕ್ಷಣ ಲಿವರ್. ಮರೆಯಾಯಿತು, ಲಿವರ್ ನಿಂತಿತು. ಒಂದು ಸಲಕ್ಕೆ 5 ನಿಮಿಷ ಸಾಕು. ಸತತ ಎರಡು-ಮೂರು ದಿನ ಟ್ರ್ಯಾಕ್ಟರ್ ಕಂಡ ಕೂಡಲೇ ನಾಯಿ ತಾನಾಗಿ ನಿಮ್ಮ ಕೈ ನೋಡಿದರೆ ಎರಡು ಮೀಟರ್ ಹತ್ತಿರ. ತಿನ್ನದಿದ್ದರೆ ನೀವು ಅವಸರ ಮಾಡಿದ್ದೀರಿ, ಹಿಂದಕ್ಕೆ ಹೋಗಿ. ಕ್ರಮ ಉಲ್ಟಾ ಆಗಬಾರದು: ಸದ್ದು ಕೇಳುವ ಮೊದಲೇ ಲಿವರ್ ತೋರಿಸಿ ಸಮಾಧಾನ ಮಾಡಲು ಹೊರಟರೆ, 'ಲಿವರ್ ಬಂತು ಅಂದರೆ ಟ್ರ್ಯಾಕ್ಟರ್ ಬರುತ್ತದೆ' ಎಂದು ಕಲಿತು ನಾಯಿ ಲಿವರನ್ನೇ ಮೂಸದೆ ಬಿಡುತ್ತದೆ. ಆಮೇಲೆ ತಿನಿಸು ಬದಲಿಸಿ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.