ಹಳೆಯ ಸ್ಪೋರ್ಟ್ಸ್ ಕಾರಿಗೆ ಶಾರ್ಟ್ ಶಿಫ್ಟರ್: ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಆಧರಿಸಿದ ಅಧ್ಯಯನ ಟಿಪ್ಪಣಿ

ಗೇರ್ ಬದಲಿಸುವಾಗ ಕೈ ಚಲಿಸಬೇಕಾದ ದೂರವನ್ನು ಕಡಿಮೆ ಮಾಡಲು ಮೂಲ ಗೇರ್ ಲಿವರಿನ ಜಾಗದಲ್ಲಿ ಕೂರಿಸುವ ಬದಲಿ ಲಿವರನ್ನು ಶಾರ್ಟ್ ಶಿಫ್ಟರ್ ಎನ್ನುತ್ತಾರೆ. ಅದು ಗೇರ್ ಬಾಕ್ಸ್ ಒಳಗಿನ ಚಕ್ರಗಳನ್ನಾಗಲಿ, ಗೇರ್ ಬೀಳುವ ಮೊದಲು ವೇಗ ಹೊಂದಿಸುವ ಸಿಂಕ್ರೊನೈಸರ್‌ಗಳನ್ನಾಗಲಿ ಮುಟ್ಟುವುದಿಲ್ಲ. ಬದಲಾಗುವುದು ಕೈಗೂ, ಬಾಕ್ಸಿನೊಳಗೆ ಸರಿದು ಗೇರನ್ನು ಆರಿಸುವ ಸೆಲೆಕ್ಟರ್ ರಾಡಿಗೂ ನಡುವಿನ ಸನ್ನೆಕೋಲಿನ ಲೆಕ್ಕ ಮಾತ್ರ. ಇದನ್ನು ಕಲಿಯಲು 1989ರಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಅನಾವರಣಗೊಂಡು 1997ರವರೆಗೆ ತಯಾರಾದ ಮೊದಲ ತಲೆಮಾರಿನ ಎಂಎಕ್ಸ್-5 ಬಹಳ ಒಳ್ಳೆಯ ಉದಾಹರಣೆ. ಅದರಲ್ಲಿ ಲಿವರ್ ನೇರವಾಗಿ ಗೇರ್ ಬಾಕ್ಸ್ ಮೇಲೆಯೇ ಕೂರುತ್ತದೆ. ನಡುವೆ ಕೇಬಲ್ ಇಲ್ಲ, ಉದ್ದನೆಯ ರಾಡೂ ಇಲ್ಲ. ಹಾಗಾಗಿ ಒಂದು ಬದಲಾವಣೆ ಮಾಡಿದರೆ ಅದರ ಪರಿಣಾಮ ಬೇರೆ ಯಾವುದರೊಂದಿಗೂ ಬೆರೆಯದೆ ಕೈಗೆ ತಿಳಿಯುತ್ತದೆ.

ಮೊದಲು ಲೆಕ್ಕ. ಹಾರೆಯಿಂದ ಕಲ್ಲು ಮೀಟುವಾಗ ಆನಿಕೆಯ ಕಲ್ಲನ್ನು ಕೈಯ ಕಡೆಗೆ ಸರಿಸಿದಷ್ಟೂ ಕೈ ಚಲಿಸುವ ದೂರ ಕಡಿಮೆಯಾಗಿ ಭಾರ ಹೆಚ್ಚುವಂತೆ, ಲಿವರಿನ ಆನಿಕೆಯ ಗುಂಡನ್ನು ಮೇಲಕ್ಕೆತ್ತಿದಾಗಲೂ ಆಗುತ್ತದೆ. ಗುಬುಟಿನಿಂದ ಆನಿಕೆಯವರೆಗೆ 180 ಮಿ.ಮೀ., ಆನಿಕೆಯಿಂದ ಕೆಳತುದಿಯವರೆಗೆ 40 ಮಿ.ಮೀ. ಇದೆ ಎಂದು ಲೆಕ್ಕದ ಸಲುವಾಗಿ ಇಟ್ಟುಕೊಂಡರೆ ಅನುಪಾತ 4.5 ಆಗುತ್ತದೆ, ಸೆಲೆಕ್ಟರ್ ರಾಡ್ 10 ಮಿ.ಮೀ. ಸರಿಯಲು ಕೈ 45 ಮಿ.ಮೀ. ಚಲಿಸಬೇಕು. ಈಗ ಗೇರ್ ಬಾಕ್ಸ್ ಮತ್ತು ಲಿವರ್ ನಡುವೆ 10 ಮಿ.ಮೀ. ದಪ್ಪದ ಸ್ಪೇಸರ್ (ಎತ್ತರಿಸುವ ಬಿಲ್ಲೆ) ಇಟ್ಟು, ಗುಬುಟಿನ ಎತ್ತರವನ್ನು ಹಾಗೆಯೇ ಉಳಿಸಿಕೊಂಡು, ಕೆಳಭಾಗವನ್ನು ಅಷ್ಟೇ ಉದ್ದ ಮಾಡಿದರೆ ಮೇಲಿನ ಅಳತೆ 170, ಕೆಳಗಿನದು 50 ಆಗಿ ಅನುಪಾತ 3.4ಕ್ಕೆ ಇಳಿಯುತ್ತದೆ. ಕೈ ಚಲಿಸುವ ದೂರ 34 ಮಿ.ಮೀ., ಅಂದರೆ ಸುಮಾರು ಶೇ 24ರಷ್ಟು ಕಡಿಮೆ. ಆದರೆ ಕೈ ಹಾಕಬೇಕಾದ ಬಲ ಸುಮಾರು ಶೇ 32ರಷ್ಟು ಹೆಚ್ಚು. ಜಾಹೀರಾತುಗಳಲ್ಲಿ ಮೊದಲ ಅಂಕಿ ಮಾತ್ರ ಕಾಣಿಸುತ್ತದೆ. ಕಲಿಯುವವರು ಎರಡನೆಯದನ್ನು ತಾವೇ ಲೆಕ್ಕ ಹಾಕಿಕೊಳ್ಳಬೇಕು. ಅಡ್ಡ ಚಲನೆಯೂ ಇದೇ ಪ್ರಮಾಣದಲ್ಲಿ ಕುಗ್ಗುವುದರಿಂದ ಗೇರುಗಳ ಸಾಲುಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಅವಸರದಲ್ಲಿ ಮೂರರಿಂದ ನಾಲ್ಕಕ್ಕೆ ಎಳೆಯಲು ಹೋಗಿ ಎರಡಕ್ಕೆ ಎಳೆದರೆ ಎಂಜಿನ್ ಮಿತಿಮೀರಿ ತಿರುಗಿ ವಾಲ್ವುಗಳು ಹಾಳಾಗುವ ಅಪಾಯವಿದೆ.

ಇದಕ್ಕಿಂತ ಮುಖ್ಯವಾದದ್ದು ಸಿಂಕ್ರೊನೈಸರ್ ಮೇಲಾಗುವ ಪರಿಣಾಮ. ಗೇರ್ ಬೀಳುವ ಮೊದಲು ಹಿತ್ತಾಳೆಯ ಉಂಗುರವೊಂದು ಗೇರಿನ ಶಂಕುವಿಗೆ ಉಜ್ಜಿ, ಎರಡರ ವೇಗ ಸಮವಾಗುವವರೆಗೆ, ಗೇರನ್ನು ಹಿಡಿಯಲು ಜಾರಿ ಬರುವ ಹಲ್ಲಿನ ಬಳೆಯಾದ ಸ್ಲೀವನ್ನು ತಡೆದು ನಿಲ್ಲಿಸುತ್ತದೆ. ಈ ಕೆಲಸಕ್ಕೆ ಒತ್ತಡವೂ ಬೇಕು, ಸ್ವಲ್ಪ ಸಮಯವೂ ಬೇಕು. ಶಾರ್ಟ್ ಶಿಫ್ಟರ್ ಹಾಕಿದ ಮೇಲೆ ಕೈ ಮೊದಲಿನ ವೇಗದಲ್ಲೇ ಚಲಿಸಿದರೂ ಸ್ಲೀವ್ ಹೆಚ್ಚು ಬೇಗ ಉಂಗುರವನ್ನು ಮುಟ್ಟುತ್ತದೆ, ಮತ್ತು ತಡೆ ಎದುರಾದಾಗ ಚಾಲಕ ಇನ್ನಷ್ಟು ಬಲ ಹಾಕಲು ಮುಂದಾಗುತ್ತಾನೆ. ಮೂವತ್ತು ವರ್ಷ ಸವೆದ ಉಂಗುರಗಳು ಇದನ್ನು ಸುಲಭವಾಗಿ ತಾಳುವುದಿಲ್ಲ. ಎಂಎಕ್ಸ್-5ರಲ್ಲಿ ಎಣ್ಣೆ ತಣ್ಣಗಿರುವಾಗ ಎರಡನೇ ಗೇರ್ ಮೊಂಡು ಮಾಡುವುದು ಮಾಲೀಕರೆಲ್ಲರಿಗೂ ಪರಿಚಿತ ಸಂಗತಿ. ಪೋರ್ಷೆ 911ರಲ್ಲಿ 1986ರವರೆಗೆ ಬಂದ 915 ಗೇರ್ ಬಾಕ್ಸ್ ವಿಷಯದಲ್ಲಿ ಅನುಭವಿ ಮೆಕ್ಯಾನಿಕ್‌ಗಳು ಶಾರ್ಟ್ ಶಿಫ್ಟರ್ ಬೇಡವೆಂದು ಹೇಳುವುದೂ ಇದೇ ಕಾರಣಕ್ಕೆ, ಮತ್ತು ಆ ಸಲಹೆ ಸರಿಯಾದುದೆಂದೇ ನನ್ನ ಅಭಿಪ್ರಾಯ.

ಆದ್ದರಿಂದ ಕೊಳ್ಳುವ ಮೊದಲು ಕಾರಿನ ಈಗಿನ ಸ್ಥಿತಿಯನ್ನು ನೋಡಬೇಕು. ಗೇರ್ ಹಾಕಿದ ಮೇಲೂ ಲಿವರ್ ಅತ್ತಿತ್ತ ಸಡಿಲವಾಗಿ ಆಡುತ್ತಿದ್ದರೆ, ಬಹುಪಾಲು ಸಂದರ್ಭಗಳಲ್ಲಿ ಅದಕ್ಕೆ ಕಾರಣ ಲಿವರಿನ ಕೆಳತುದಿಯನ್ನು ಸುತ್ತುವ ನೈಲಾನ್ ತೊಡಿಕೆ, ಅಂದರೆ ಬುಷ್, ಸವೆದು ಒಡೆದಿರುವುದು. ಲಿವರಿನ ಸುತ್ತ ಇರುವ ಸಣ್ಣ ರಬ್ಬರ್ ಗವಸು, ಅಂದರೆ ಬೂಟ್, ಹರಿದಿದ್ದರೆ ಗೇರ್ ಎಣ್ಣೆಯ ವಾಸನೆ, ಬಿಸಿ ಮತ್ತು ಸದ್ದು ಕ್ಯಾಬಿನ್ನಿನೊಳಗೆ ಬರುತ್ತವೆ. ಗೇರ್ ಬೀಳುವಾಗ ಕರಕರ ಎನ್ನುತ್ತಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿದೆಯೇ ಎಂದು ಮೊದಲು ಪರೀಕ್ಷಿಸಬೇಕು. ಈ ಕಾರಿನಲ್ಲಿ ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಸೋರುವುದು ಸಾಮಾನ್ಯ, ಅದರ ರಬ್ಬರ್ ಮುಚ್ಚಳ ಸರಿಸಿ ನೋಡಿದರೆ ಒದ್ದೆ ಕಾಣುತ್ತದೆ. ಇವೆಲ್ಲ ಸರಿಪಡಿಸಿ, ಗೇರ್ ಬಾಕ್ಸಿಗೆ 75ಡಬ್ಲ್ಯೂ-90 ಜಿಎಲ್-4 ದರ್ಜೆಯ ಗೇರ್ ಎಣ್ಣೆ ಹಾಕಿ ಕೆಲವು ವಾರ ಓಡಿಸಿದರೆ, ಎಷ್ಟೋ ಮಂದಿಗೆ ಮೂಲ ಲಿವರೇ ಸಾಕೆನಿಸುತ್ತದೆ. ಅಷ್ಟಕ್ಕೂ ತಯಾರಿಕೆಯಲ್ಲೇ ಈ ಕಾರಿನ ಲಿವರ್ ಚಲನೆ ಚಿಕ್ಕದು. ಅದರ ಮೇಲೂ ಬೇಕೆನಿಸಿದರೆ ಶೇ 20ರ ಆಸುಪಾಸು ಕಡಿತವಿರುವ, ಒಳ್ಳೆಯ ನೈಲಾನ್ ಅಥವಾ ಅಸೆಟಾಲ್ (ಗಟ್ಟಿ ಪ್ಲಾಸ್ಟಿಕ್) ಬುಷ್ ಇರುವ ಲಿವರ್ ಆರಿಸುವುದು ಲೇಸು. ಪೂರ್ತಿ ಲೋಹದ ಬುಷ್‌ಗಳು ರೇಸಿನ ಕಾರಿಗೆ ಸರಿ, ದಿನನಿತ್ಯದ ಕಾರಿನಲ್ಲಿ ಅವು ಗೇರ್ ಬಾಕ್ಸಿನ ಕಂಪನವನ್ನೆಲ್ಲ ಅಂಗೈಗೆ ತಲುಪಿಸುತ್ತವೆ. ಮೂಲ ಲಿವರನ್ನೇ ಮೇಲಿನಿಂದ ಕತ್ತರಿಸಿ ಗಿಡ್ಡ ಮಾಡುವವರೂ ಇದ್ದಾರೆ. ಅದರಿಂದಲೂ ಅನುಪಾತ ಇಳಿಯುತ್ತದೆ, ಆದರೆ ಗುಬುಟು ಕೈಗೆ ಎಟುಕುವ ಎತ್ತರದಿಂದ ಕೆಳಗಿಳಿಯುತ್ತದೆ.

ಜೋಡಣೆಗೆ ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಗೇರ್ ಬಾಕ್ಸ್ ಪೂರ್ತಿ ತಣ್ಣಗಾದ ಮೇಲೆ ನ್ಯೂಟ್ರಲ್‌ನಲ್ಲಿಟ್ಟು ಕೆಲಸ ಆರಂಭಿಸಬೇಕು. ಗುಬುಟು ಮತ್ತು ಕನ್ಸೋಲ್ ಬಿಚ್ಚಿ ದೊಡ್ಡ ರಬ್ಬರ್ ಬೂಟ್ ತೆಗೆದ ಕೂಡಲೇ ಲಿವರಿನ ಬೋಲ್ಟುಗಳಿಗೆ ಕೈ ಹಾಕಬಾರದು. ಸುತ್ತ ಸೇರಿಕೊಂಡಿರುವ ಮಣ್ಣು, ಮರಳಿನ ಕಣಗಳನ್ನು ಬ್ರಷ್ ಮತ್ತು ಬಟ್ಟೆಯಿಂದ ತೆಗೆಯದೆ ಮುಚ್ಚಳ ಬಿಚ್ಚಿದರೆ ಅವೆಲ್ಲ ಒಳಗೆ ಬೀಳುತ್ತವೆ. ಬಳಿಕ ಹಿಡಿತದ ಮೂರು ಬೋಲ್ಟುಗಳನ್ನು ಸಡಿಲಿಸಿ ಲಿವರನ್ನು ನೇರವಾಗಿ ಮೇಲೆತ್ತಬೇಕು. ಅಲೆಯಾಕಾರದ ಸ್ಪ್ರಿಂಗ್ ವಾಷರ್ ಮತ್ತು ನೈಲಾನ್ ಭಾಗಗಳು ಯಾವ ಕ್ರಮದಲ್ಲಿದ್ದವೋ ಅದೇ ಕ್ರಮದಲ್ಲಿ ಕಾಗದದ ಮೇಲೆ ಸಾಲಾಗಿ ಇಡಬೇಕು. ಲಿವರ್ ಕೂರುವ ಗೂಡಿನಲ್ಲಿ ಗೇರ್ ಬಾಕ್ಸಿನದಕ್ಕಿಂತ ಬೇರೆಯಾದ ಸ್ವಲ್ಪ ಎಣ್ಣೆ ಇರುತ್ತದೆ. ಬಾಕ್ಸಿನ ಎಣ್ಣೆ ಬದಲಿಸಿದರೂ ಇದು ಬದಲಾಗದ ಕಾರಣ ಹಳೆಯ ಕಾರುಗಳಲ್ಲಿ ಕಪ್ಪು ರಾಡಿಯಂತಾಗಿರುತ್ತದೆ, ಕೆಲವೊಮ್ಮೆ ಪೂರ್ತಿ ಒಣಗಿರುತ್ತದೆ. ಅದನ್ನು ಸಿರಿಂಜಿನಿಂದ ಹೀರಿ ತೆಗೆದು, ಗೂಡನ್ನು ಒರೆಸಿ, ಸರ್ವಿಸ್ ಕೈಪಿಡಿ ಹೇಳುವಷ್ಟು ಹೊಸ ಎಣ್ಣೆ ತುಂಬಿ, ಹೊಸ ಬುಷ್ ಮತ್ತು ಹೊಸ ಬೂಟ್ ಹಾಕಬೇಕು.

ಸ್ಪೇಸರಿನ ಎರಡೂ ಮುಖಗಳಿಗೆ ಸೋರಿಕೆ ತಡೆಯುವ ಸೀಲೆಂಟನ್ನು ತೆಳುವಾಗಿ ಹಚ್ಚಿ, ಹೊಸ ಲಿವರನ್ನು ಕೂರಿಸಬೇಕು. ಕಿಟ್ ಜೊತೆ ಬಂದ ಉದ್ದನೆಯ ಬೋಲ್ಟುಗಳು ರಂಧ್ರದ ತಳಕ್ಕೆ ತಾಗಿ ನಿಲ್ಲುವುದಿಲ್ಲವೆಂದು ಮೊದಲೇ ಅಳೆದು ನೋಡಬೇಕು. ತಾಗಿದರೆ ಬೋಲ್ಟ್ ಬಿಗಿಯಾದಂತೆ ಕಂಡರೂ ಸ್ಪೇಸರ್ ಸಡಿಲವಾಗಿಯೇ ಉಳಿಯುತ್ತದೆ. ಎಳೆಗಳಿರುವುದು ಅಲ್ಯೂಮಿನಿಯಮ್ಮಿನಲ್ಲಿ, ಆದ್ದರಿಂದ ಮೂರನ್ನೂ ಸ್ವಲ್ಪ ಸ್ವಲ್ಪವೇ ಸರದಿಯಂತೆ ಬಿಗಿಯಬೇಕು.

ಈಗ ಅತ್ಯಂತ ಮುಖ್ಯವಾದ ಪರೀಕ್ಷೆ. ಕನ್ಸೋಲ್ ಹಾಕುವ ಮೊದಲು, ಎಂಜಿನ್ ನಿಂತಿರುವಾಗಲೇ ಕ್ಲಚ್ ಒತ್ತಿ ಪ್ರತಿಯೊಂದು ಗೇರನ್ನೂ ಹಾಕಿ ನೋಡಬೇಕು. ಹಲ್ಲುಗಳು ಎದುರುಬದುರಾಗಿ ಗೇರ್ ಬೀಳದಿದ್ದರೆ ಕಾರನ್ನು ತುಸು ಅಲುಗಿಸಿದರೆ ಸಾಕು. ಗೇರ್ ಟಕ್ ಎಂದು ಕೂತ ಮೇಲೂ ಲಿವರ್ ಅದೇ ದಿಕ್ಕಿಗೆ ಒಂದೆರಡು ಮಿ.ಮೀ. ಸರಿಯುವಷ್ಟು ಎಡೆ ಉಳಿದಿರಬೇಕು. ಅದರ ಬದಲು ಲಿವರ್ ಲೋಹದ ಅಂಚಿಗೋ, ಮುದುಡಿದ ರಬ್ಬರಿಗೋ ತಾಗಿ ನಿಂತರೆ ಸ್ಲೀವ್ ಅರ್ಧಕ್ಕೇ ನಿಂತಿದೆ ಎಂದು ತಿಳಿಯಬೇಕು. ಹಾಗೆ ಓಡಿಸಿದರೆ ಆಕ್ಸಿಲರೇಟರ್ ಬಿಟ್ಟಾಗ ಗೇರ್ ತಾನಾಗಿ ಕಿತ್ತುಕೊಳ್ಳುತ್ತದೆ, ಮತ್ತು ಪ್ರತಿ ಸಲವೂ ಹಲ್ಲಿನ ಅಂಚು ಸವೆಯುತ್ತದೆ. ಕನ್ಸೋಲ್ ಮತ್ತು ಬೂಟ್ ಕೂರಿಸಿದ ಮೇಲೆ ಇದೇ ಪರೀಕ್ಷೆಯನ್ನು ರಿವರ್ಸ್ ಸೇರಿದಂತೆ ಮತ್ತೊಮ್ಮೆ ಮಾಡಬೇಕು, ಏಕೆಂದರೆ ಹೊಸ ದಪ್ಪ ಬೂಟ್ ಐದನೇ ಗೇರಿನ ಕಡೆ ಮಡಚಿಕೊಂಡು ಅಡ್ಡಿಯಾಗಬಹುದು. ಕೆಳತುದಿಯ ಗುಂಡು ತನ್ನ ಕುಳಿಯ ತಳವನ್ನು ಒತ್ತುತ್ತಿದೆಯೇ ಎಂಬ ಅನುಮಾನವಿದ್ದರೆ, ಗುಂಡಿನ ತುದಿಗೆ ಚಿಟಿಕೆ ಗಾತ್ರದ ಮೇಣ ಅಂಟಿಸಿ ಒಮ್ಮೆ ಕೂರಿಸಿ ತೆಗೆದರೆ ಉಳಿದಿರುವ ಎಡೆ ಎಷ್ಟೆಂದು ಮೇಣದ ದಪ್ಪವೇ ಹೇಳುತ್ತದೆ. ನೋಡಿದ ಬಳಿಕ ಮೇಣವನ್ನು ಪೂರ್ತಿ ಒರೆಸಿ ತೆಗೆಯಬೇಕು.

ಮೊದಲ ಓಟಗಳಲ್ಲಿ ಲಿವರನ್ನು ತಡೆ ಸಿಗುವವರೆಗೆ ತಂದು, ಅಲ್ಲಿ ಸಮನಾಗಿ ಒತ್ತಿ ಹಿಡಿದು, ಸಿಂಕ್ರೊನೈಸರ್ ದಾರಿ ಬಿಟ್ಟಾಗ ಒಳಗೆ ಹೋಗಲು ಬಿಡಬೇಕು. ಕೆಲವು ವಾರಗಳ ನಂತರ ಕನ್ಸೋಲ್ ಮತ್ತೆ ಬಿಚ್ಚಿ, ಬೋಲ್ಟುಗಳ ಬಿಗಿ ಮತ್ತು ಸ್ಪೇಸರಿನ ಅಂಚಿನಲ್ಲಿ ಎಣ್ಣೆ ಒಸರಿದೆಯೇ ಎಂಬುದನ್ನು ನೋಡಿದರೆ ಈ ಕೆಲಸ ಮುಗಿದಂತೆ.