ಪದ ಪರಿಚಯ: ಹಾಟ್ ರಾಡ್, ಮತ್ತು ಅದರ ಪತ್ರಿಕೆ ಓದುವವರಿಗೆ ಬೇಕಾದದ್ದು

ಹಳೆಯ ಅಮೆರಿಕನ್ ಕಾರೊಂದನ್ನು ತರಬೇಕು. ಅದರಲ್ಲಿ ಬೇಡದ ಭಾರವನ್ನೆಲ್ಲ ಕಿತ್ತು ಹಾಕಬೇಕು. ಇರುವ ಇಂಜಿನ್ನಿಗೆ ಬಲ ತುಂಬಬೇಕು, ಇಲ್ಲವೇ ಬೇರೆ ದೊಡ್ಡ ಇಂಜಿನ್ ಕೂರಿಸಬೇಕು. ಹೀಗೆ ವೇಗಕ್ಕಾಗಿ ಮತ್ತೆ ಕಟ್ಟಿದ ಗಾಡಿಗೆ ಹಾಟ್ ರಾಡ್ ಅನ್ನುತ್ತಾರೆ. ಕಾರ್ಖಾನೆಯಿಂದ ನೇರ ಬಂದ ಸ್ಪೋರ್ಟ್ಸ್ ಕಾರು ಎಷ್ಟೇ ಜೋರಾಗಿ ಓಡಲಿ, ಅದು ಹಾಟ್ ರಾಡ್ ಆಗುವುದಿಲ್ಲ. ಯಾರೋ ಒಬ್ಬರು ಅದನ್ನು ಬಿಚ್ಚಿ, ಕತ್ತರಿಸಿ, ತಮ್ಮ ಲೆಕ್ಕಕ್ಕೆ ತಕ್ಕಂತೆ ಜೋಡಿಸಿರಬೇಕು.

ಹೆಸರು ಹೇಗೆ ಬಂತು ಅನ್ನೋದಕ್ಕೆ ಎರಡು ಮೂರು ಕಥೆಗಳಿವೆ. ಹಾಟ್ ರೋಡ್‌ಸ್ಟರ್ ಅನ್ನೋದು ಮೊಟಕಾಯಿತು ಅಂತ ಕೆಲವರು ಹೇಳುತ್ತಾರೆ. ರೋಡ್‌ಸ್ಟರ್ ಅಂದರೆ ಗಟ್ಟಿ ಚಾವಣಿಯಿಲ್ಲದ ಕಾರು. ಇಂಜಿನ್ ಒಳಗಿನ ರಾಡಿನಿಂದ ಬಂತು ಅಂತ ಇನ್ನು ಕೆಲವರು. ಅದಕ್ಕೂ ಮುಂಚೆ ಇಂಥ ಗಾಡಿಗಳನ್ನು ಗೌ ಜಾಬ್ ಅಂತಲೂ ಕರೆಯುತ್ತಿದ್ದರು. ಹೆಸರಿನ ಹಿಂದೆ ಹೋದರೆ ಇಷ್ಟೇ ಸಿಗುತ್ತದೆ. ಹಾಟ್ ರಾಡ್ ಪತ್ರಿಕೆ ಓದುವವನು ಅದರಲ್ಲಿ ಏನು ಹುಡುಕುತ್ತಾನೆ ಅಂತ ನೋಡಿದರೆ ಈ ಪದ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ನಮ್ಮಲ್ಲಿ ಕಾರು ಪತ್ರಿಕೆ ಅಂದರೆ ಹೊಸ ಕಾರುಗಳ ವಿಮರ್ಶೆ. ಮೈಲೇಜ್ ಎಷ್ಟು, ಡಿಕ್ಕಿಯಲ್ಲಿ ಜಾಗ ಎಷ್ಟು, ಈ ಬೆಲೆಗೆ ಯಾವುದು ಒಳ್ಳೆಯದು, ಇವೇ ಪ್ರಶ್ನೆಗಳು. ಓದುವವನು ಕೊಳ್ಳುವವನು. ಹಾಟ್ ರಾಡ್ ಪತ್ರಿಕೆಯ ಓದುಗ ಮಾಡುವವನು. ಅವನ ಕಾರು ಮನೆಯ ಶೆಡ್ಡಿನಲ್ಲಿ ಬಿಚ್ಚಿಕೊಂಡು ಕೂತಿದೆ. ಮುಂದಿನ ಕೆಲಸ ಹೇಗೆ ಮಾಡಬೇಕು ಅನ್ನೋದು ಅವನಿಗೆ ಗೊತ್ತಾಗಬೇಕು. ಈ ಒಂದು ವ್ಯತ್ಯಾಸದಿಂದಲೇ ಪತ್ರಿಕೆಯ ಉಳಿದೆಲ್ಲ ಗುಣಗಳು ಹುಟ್ಟುತ್ತವೆ ಅಂತ ನನ್ನ ಅನಿಸಿಕೆ.

ಇದರ ಬೇರು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿದೆ. ಲಾಸ್ ಏಂಜಲೀಸಿನ ಆಚೆ ಮರುಭೂಮಿಯಲ್ಲಿ ಮ್ಯೂರಾಕ್, ಎಲ್ ಮಿರಾಜ್ ಅನ್ನುವ ಒಣಗಿದ ಕೆರೆಗಳಿವೆ. ಮೈಲಿಗಟ್ಟಲೆ ಚಪ್ಪಟೆಯಾದ ಗಟ್ಟಿ ನೆಲ. 1930ರ ದಶಕದಲ್ಲಿ ಹುಡುಗರು ಫೋರ್ಡ್ ಮಾಡೆಲ್ ಟಿ, ಮಾಡೆಲ್ ಎ ಕಾರುಗಳ ಮಡ್‌ಗಾರ್ಡ್ ಬಿಚ್ಚಿ ಅಲ್ಲಿಗೆ ಒಯ್ದು ವೇಗ ಅಳೆಯುತ್ತಿದ್ದರು. ಮಾಡೆಲ್ ಟಿ ಕಾರುಗಳೇ ಒಂದೂವರೆ ಕೋಟಿ ತಯಾರಾಗಿದ್ದವು. ಹಾಗಾಗಿ ಗುಜರಿಯಲ್ಲಿ ಬಿಡಿಭಾಗಕ್ಕೆ ಬರವಿರಲಿಲ್ಲ. 1932ರಲ್ಲಿ ಫೋರ್ಡ್ ಸಾಮಾನ್ಯ ಜನ ಕೊಳ್ಳಬಹುದಾದ ಬೆಲೆಗೆ ವಿ8, ಅಂದರೆ ಎಂಟು ಸಿಲಿಂಡರಿನ ಇಂಜಿನ್ ಕೊಟ್ಟಿತು. 221 ಘನ ಇಂಚು, ಅಂದರೆ ಸುಮಾರು 3.6 ಲೀಟರ್. ಅಶ್ವಶಕ್ತಿ 65. ಇದನ್ನೇ ಫ್ಲಾಟ್‌ಹೆಡ್ ಅನ್ನುತ್ತಾರೆ. ಗಾಳಿಯನ್ನು ಒಳಗೆ, ಹೊಗೆಯನ್ನು ಹೊರಗೆ ಬಿಡುವ ವಾಲ್ವುಗಳು ಮೇಲಿನ ಮುಚ್ಚಳವಾದ ಹೆಡ್ಡಿನಲ್ಲಿರದೆ, ಇಂಜಿನ್ನಿನ ಮುಖ್ಯ ಭಾಗವಾದ ಬ್ಲಾಕಿನಲ್ಲೇ ಸಿಲಿಂಡರಿನ ಪಕ್ಕ ಇರುತ್ತವೆ. ಸುಟ್ಟ ಹೊಗೆಯೂ ಬ್ಲಾಕಿನ ಒಳಗಿಂದಲೇ ಹಾದು ಹೊರಗೆ ಹೋಗಬೇಕು. ಅದಕ್ಕೇ ಆ ಇಂಜಿನ್ ಬೇಗ ಬಿಸಿಯಾಗುತ್ತಿತ್ತು. ಆದರೂ ಅಗ್ಗ, ಸುಲಭವಾಗಿ ಸಿಗುತ್ತಿತ್ತು. ಎರಡು ದಶಕ ಈ ಲೋಕವನ್ನು ಆಳಿದ್ದು ಅದೇ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನಿಕರು ಊರಿಗೆ ಬಂದರು. ಅವರಲ್ಲಿ ಎಷ್ಟೋ ಜನ ಸೇನೆಯಲ್ಲಿ ಲೇತ್, ವೆಲ್ಡಿಂಗ್, ವಿಮಾನದ ಇಂಜಿನ್ ರಿಪೇರಿ ಕಲಿತಿದ್ದರು. ಯುದ್ಧದಲ್ಲಿ ಉಳಿದ ಸಾಮಾನು ಕಡಿಮೆ ಬೆಲೆಗೆ ಸಿಗುತ್ತಿತ್ತು. ಬಿಲ್ ಬರ್ಕ್ ಅನ್ನುವವರು 1946ರಲ್ಲಿ ಯುದ್ಧವಿಮಾನದ ಹೊಟ್ಟೆಯಡಿ ಕಟ್ಟುವ ಇಂಧನದ ಟ್ಯಾಂಕನ್ನೇ ಕಾರಿನ ಬಾಡಿ ಮಾಡಿಕೊಂಡು ಒಣಕೆರೆಯಲ್ಲಿ ಓಡಿಸಿದರು. ಗಾಳಿ ಸೀಳಿಕೊಂಡು ಹೋಗುವ ಆಕಾರ ತಯಾರಾಗಿಯೇ ಸಿಕ್ಕಿತ್ತು, ಅಲ್ವಾ?

ಇಷ್ಟು ಜನ ಇಷ್ಟು ಕಡೆ ಕೆಲಸ ಮಾಡುತ್ತಿದ್ದರು. ಒಬ್ಬನಿಗೆ ಗೊತ್ತಾದದ್ದು ಇನ್ನೊಬ್ಬನಿಗೆ ತಲುಪುವ ದಾರಿ ಮಾತ್ರ ಬಹಳ ಕಡಿಮೆ. ಆಗ ಬಂದದ್ದು ‘ಹಾಟ್ ರಾಡ್’ ಪತ್ರಿಕೆ. 1948ರ ಜನವರಿಯಲ್ಲಿ ಮೊದಲ ಸಂಚಿಕೆ, ಬೆಲೆ 25 ಸೆಂಟ್. ಶುರು ಮಾಡಿದವರಲ್ಲಿ ಮುಖ್ಯರಾದ ರಾಬರ್ಟ್ ಪೀಟರ್ಸನ್‌ಗೆ ಆಗ 21 ವರ್ಷ. ಲಾಸ್ ಏಂಜಲೀಸಿನಲ್ಲಿ ನಡೆದ ಹಾಟ್ ರಾಡ್ ಪ್ರದರ್ಶನದ ಹತ್ತಿರ ನಿಂತು ಕೈಯಾರೆ ಮಾರಿದರು. ಮುಂದಿನ ವರ್ಷ ವಾಲಿ ಪಾರ್ಕ್ಸ್ ಸಂಪಾದಕರಾದರು. ಒಣಕೆರೆಯ ಓಟಗಳನ್ನು ನಡೆಸುವ ಸಂಘ ಕಟ್ಟಿದವರಲ್ಲಿ ಅವರೂ ಒಬ್ಬರು. ಅಂದರೆ ಪತ್ರಿಕೆ ನಡೆಸುವವರೂ ಓದುವವರ ಪೈಕಿಯೇ.

ಆ ಹೊತ್ತಿಗೆ ಹಾಟ್ ರಾಡ್ ಅಂದರೆ ಪುಂಡರ ಗಾಡಿ ಅಂತ ದಿನಪತ್ರಿಕೆಗಳು ಬರೆಯುತ್ತಿದ್ದವು. ಬೀದಿಯಲ್ಲಿ ರೇಸ್ ನಡೆಯುತ್ತಿತ್ತು, ಸಾವುನೋವೂ ಆಗುತ್ತಿತ್ತು. ಪಾರ್ಕ್ಸ್ 1951ರಲ್ಲಿ ಎನ್‌ಎಚ್‌ಆರ್‌ಎ (ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್) ಅನ್ನುವ ಸಂಸ್ಥೆ ಕಟ್ಟಿ, ರೇಸನ್ನು ಬೀದಿಯಿಂದ ಡ್ರ್ಯಾಗ್ ಪಟ್ಟಿಗೆ, ಅಂದರೆ ಕಾಲು ಮೈಲಿಯ ನೇರ ಓಟದ ಹಾದಿಗೆ, ಒಯ್ಯಲು ಪತ್ರಿಕೆಯ ಪುಟಗಳನ್ನೇ ಬಳಸಿದರು. ಸುರಕ್ಷತೆಯ ಪಾಠವನ್ನು ಆ ಹುಡುಗರು ಕೇಳಿದ್ದು ಅದು ತಮ್ಮವರಿಂದ ಬಂತು ಅನ್ನುವ ಕಾರಣಕ್ಕೆ.

ಈಗ ಪುಟದ ಒಳಗೆ ಹೋಗೋಣ. ಓದುಗನಿಗೆ ಮೊದಲು ಬೇಕಾದದ್ದು ಟೆಕ್, ಅಂದರೆ ಕೆಲಸ ಹೇಗೆ ಮಾಡಬೇಕು ಅನ್ನುವ ಲೇಖನ. ಒಂದು ಉದಾಹರಣೆ ನೋಡಿ. ಹಾಟ್ ರಾಡ್‌ಗಳಲ್ಲಿ ಚಾಪ್ ಮಾಡುವುದು ಅಂತ ಒಂದು ಕೆಲಸವಿದೆ. ಕಿಟಕಿಯ ಕಂಬಗಳನ್ನು ಮೂರು ಇಂಚೋ ನಾಲ್ಕು ಇಂಚೋ ಕತ್ತರಿಸಿ ಚಾವಣಿಯನ್ನು ತಗ್ಗಿಸುವುದು. ಕೇಳೋಕೆ ಸುಲಭ. 1932ರ ಫೋರ್ಡ್‌ನಲ್ಲಿ ಕಂಬಗಳು ಹೆಚ್ಚು ಕಡಿಮೆ ನೆಟ್ಟಗಿವೆ, ಗಾಜು ಚಪ್ಪಟೆ. ಹಾಗಾಗಿ ಪರವಾಗಿಲ್ಲ. 1949ರ ಮರ್ಕ್ಯುರಿ ಕಾರಿಗೆ ಬಂದರೆ ಕಥೆಯೇ ಬೇರೆ. ಅದರ ಕಂಬಗಳು ಮೇಲೆ ಹೋದಂತೆ ಒಳಕ್ಕೆ ವಾಲಿವೆ. ಮಧ್ಯದ ತುಂಡು ತೆಗೆದು ಚಾವಣಿ ಇಳಿಸಿದರೆ ಮೇಲಿನ ಕಂಬ ಕೆಳಗಿನ ಕಂಬಕ್ಕೆ ಕೂಡುವುದೇ ಇಲ್ಲ, ಒಳಗೆ ಉಳಿಯುತ್ತದೆ. ಆಗ ಒಂದೋ ಚಾವಣಿಯನ್ನು ಅಡ್ಡಕ್ಕೆ ಸೀಳಿ, ತಗಡು ಸೇರಿಸಿ ಉದ್ದ ಮಾಡಬೇಕು. ಇಲ್ಲವೇ ಕಂಬವನ್ನು ಇನ್ನಷ್ಟು ವಾಲಿಸಬೇಕು. ಹಿಂಬದಿಯ ಬಾಗಿದ ಗಾಜನ್ನು ಕತ್ತರಿಸುವುದು ಕಷ್ಟ. ಅದಕ್ಕೆ ಅದನ್ನು ಮುಂದಕ್ಕೆ ಮಲಗಿಸಿ ಕೂರಿಸುತ್ತಾರೆ. ಬಾಗಿಲಿನ ಮೇಲ್ಭಾಗವೂ ಚಾವಣಿಗೆ ಹೊಂದಬೇಕು.

ಇದನ್ನು ಮಾಡಲು ಹೊರಟವನಿಗೆ ‘ಚಾವಣಿ ತಗ್ಗಿಸಲಾಯಿತು, ಬಹಳ ಚೆನ್ನಾಗಿ ಕಾಣುತ್ತಿದೆ’ ಅನ್ನುವ ಒಂದು ಸಾಲು ಯಾವ ಉಪಯೋಗಕ್ಕೂ ಬರುವುದಿಲ್ಲ. ಎಲ್ಲಿ ಗುರುತು ಹಾಕಿದಿರಿ? ಕತ್ತರಿಸುವ ಮುಂಚೆ ಬಾಡಿ ಸೊಟ್ಟಗಾಗದಂತೆ ಒಳಗೆ ಕಬ್ಬಿಣದ ಆಧಾರ ಎಲ್ಲೆಲ್ಲಿ ಬೆಸೆದಿರಿ? ವೆಲ್ಡಿಂಗ್ ಬಿಸಿಗೆ ತಗಡು ಸುಕ್ಕಾಗದಂತೆ ಏನು ಮಾಡಿದಿರಿ? ಪ್ರತಿ ಹೆಜ್ಜೆಗೂ ಫೋಟೋ ಬೇಕು. ಫೋಟೋದ ಕೆಳಗಿನ ಸಣ್ಣ ಅಕ್ಷರದ ಸಾಲನ್ನು ಈ ಓದುಗರು ಲೇಖನಕ್ಕಿಂತ ಜಾಸ್ತಿ ಗಮನದಿಂದ ಓದುತ್ತಾರೆ.

ಇಂಜಿನ್ ಕೆಲಸಕ್ಕೂ ಹೀಗೆಯೇ. ಕ್ಯಾಮ್‌ಶಾಫ್ಟ್ ಬದಲಿಸುವುದನ್ನು ತೆಗೆದುಕೊಳ್ಳಿ. ವಾಲ್ವು ಎಷ್ಟು ಹೊತ್ತು, ಎಷ್ಟು ಎತ್ತರಕ್ಕೆ ತೆರೆಯಬೇಕು ಅನ್ನೋದನ್ನು ತೀರ್ಮಾನಿಸುವುದು ಅದೇ. ಎಡ್ ಇಸ್ಕೆಂಡೇರಿಯನ್ ಅಂಥವರು ಇದನ್ನೇ ತಿದ್ದಿ ತಿದ್ದಿ ಹೆಸರಾದರು. ವಾಲ್ವು ಹೆಚ್ಚು ಎತ್ತಿದರೆ ಅದು ಪಿಸ್ಟನ್ನಿಗೆ ಬಡಿಯುವ ಅಪಾಯವಿದೆ. ಬಡಿದರೆ ಇಂಜಿನ್ ಹಾಳು. ಇದನ್ನು ಪರೀಕ್ಷಿಸಲು ಒಂದು ಹಳೆಯ ಉಪಾಯವಿದೆ. ಪಿಸ್ಟನ್ ಮೇಲೆ ಮಕ್ಕಳು ಆಡುವಂಥ ಮೆತ್ತನೆ ಕ್ಲೇ ಅಂಟಿಸಿ, ಹೆಡ್ ಕೂರಿಸಿ, ಇಂಜಿನ್ನನ್ನು ಕೈಯಲ್ಲಿ ನಿಧಾನ ತಿರುಗಿಸಬೇಕು. ಆಮೇಲೆ ಬಿಚ್ಚಿ, ವಾಲ್ವು ಒತ್ತಿದ ಜಾಗದಲ್ಲಿ ಕ್ಲೇ ಕೊಯ್ದು ದಪ್ಪ ಅಳೆಯಬೇಕು. ಗಾಳಿ ಒಳಗೆ ಬರುವ ವಾಲ್ವಿನ ಕಡೆ ಸುಮಾರು 0.080 ಇಂಚು, ಹೊಗೆ ಹೋಗುವ ಕಡೆ 0.100 ಇಂಚು ಉಳಿದಿರಬೇಕು ಅನ್ನೋದು ರೂಢಿಯ ಲೆಕ್ಕ. ಈ ಎರಡು ಅಂಕಿಗಳಿಗಾಗಿಯೇ ಒಂದು ಸಂಚಿಕೆಯನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವವರಿದ್ದಾರೆ. ಅದರಲ್ಲಿ ಅರ್ಥವಿದೆ ಅಂತ ನನಗನಿಸುತ್ತದೆ.

ಎರಡನೆಯದಾಗಿ ಬೇಕಾದದ್ದು ನಿಜವಾದ ಅಳತೆ. ದೊಡ್ಡ ಕ್ಯಾಮ್ ಹಾಕಿದರೆ ಇಂಜಿನ್ ಜೋರಾಗಿ ತಿರುಗುವಾಗ ಬಲ ಹೆಚ್ಚುತ್ತದೆ. ನಿಧಾನ ತಿರುಗುವಾಗ ಬಲ ಕಡಿಮೆಯಾಗುತ್ತದೆ. ಜಾಹೀರಾತಿನಲ್ಲಿ ಬರುವುದು ಮೇಲಿನ ತುದಿಯ ಅಂಕಿ ಮಾತ್ರ. ದಿನಾ ಊರೊಳಗೆ ಓಡಿಸುವವನಿಗೆ ಕೆಳಗೆ ಎಷ್ಟು ಕಳೆದುಕೊಂಡೆ ಅನ್ನೋದೇ ಮುಖ್ಯ. ಅದಕ್ಕೆ ಇಂಜಿನ್ನಿನ ಬಲ ಅಳೆಯುವ ಡೈನೋ ಯಂತ್ರದ ಪೂರ್ತಿ ಗ್ರಾಫ್ ಬೇಕು. ಅದೇ ಇಂಜಿನ್ನಿನಲ್ಲಿ, ಒಂದೇ ಭಾಗ ಬದಲಿಸಿ, ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ತೋರಿಸಬೇಕು. ಇಲ್ಲೇ ಪತ್ರಿಕೆಯ ಪರೀಕ್ಷೆ ನಡೆಯುವುದು. ಬಿಡಿಭಾಗ ಮಾರುವವರ ಜಾಹೀರಾತಿನಿಂದಲೇ ಪತ್ರಿಕೆ ಬದುಕಬೇಕು. ಅದೇ ಭಾಗ ಕೆಲಸ ಮಾಡಲಿಲ್ಲ ಅಂತ ಬರೆಯುವ ಧೈರ್ಯವೂ ಬೇಕು. ಓದುಗರು ಇದನ್ನು ತಕ್ಷಣ ಗುರುತಿಸುತ್ತಾರೆ. ಒಡೆದ ಪಿಸ್ಟನ್ನಿನ ಫೋಟೋ ಹಾಕಿ ‘ಹೀಗಾಯಿತು, ಕಾರಣ ಇದು’ ಅಂತ ಬರೆದ ಪತ್ರಿಕೆಯನ್ನು ಅವರು ನಂಬುತ್ತಾರೆ. ಎಲ್ಲವೂ ಮೊದಲ ಸಲಕ್ಕೇ ಸರಿಹೋಯಿತು ಅನ್ನುವ ಲೇಖನವನ್ನು ನಂಬುವುದಿಲ್ಲ.

ಹಣದ ಮಾತೂ ಇದೆ. ಕಡಿಮೆ ಖರ್ಚಿನ ಕಾರು ಅಂತ ಮುಖಪುಟದಲ್ಲಿ ಹಾಕಿ, ಒಳಗೆ ದುಬಾರಿ ಇಂಜಿನ್ ಯಾರೋ ಪುಕ್ಕಟೆ ಕೊಟ್ಟರು ಅಂತ ಬರೆದರೆ ಓದುಗನಿಗೆ ಸಿಟ್ಟು ಬರುವುದು ಸಹಜ. ಅವನಿಗೆ ಪುಕ್ಕಟೆ ಯಾರು ಕೊಡುತ್ತಾರೆ? ಗುಜರಿಯಿಂದ ತಂದ ಇಂಜಿನ್ನುಗಳ ಮೇಲಿನ ಲೇಖನಗಳನ್ನು ಜನ ಅಷ್ಟು ಇಷ್ಟಪಡುವುದು ಇದಕ್ಕೇ. ಇತ್ತೀಚಿನ ದಶಕಗಳಲ್ಲಿ ಜನರಲ್ ಮೋಟರ್ಸ್ ಟ್ರಕ್ಕುಗಳ 4.8, 5.3 ಲೀಟರ್ ಎಲ್‌ಎಸ್ ಅನ್ನುವ ವಿ8 ಬಳಗದ ಇಂಜಿನ್ನುಗಳಿಗೆ ಟರ್ಬೊ ಕಟ್ಟಿ, ಒಡೆಯುವವರೆಗೂ ನೋಡೋಣ ಅಂತ ಡೈನೋ ಮೇಲೆ ಓಡಿಸಿದ ಪರೀಕ್ಷೆಗಳು ಬಂದವು. ಮನೆಯಲ್ಲಿ ಕೆಲಸ ಮಾಡುವವನಿಗೆ ತನ್ನ ಬ್ಲಾಕು ಎಷ್ಟು ತಾಳುತ್ತದೆ ಅನ್ನೋದು ಗೊತ್ತಾಗಿದ್ದು ಅಲ್ಲಿಂದ.

ಅದಕ್ಕೂ ಮುಂಚೆ ಆ ಜಾಗದಲ್ಲಿದ್ದದ್ದು ಶೆವ್ರೊಲೆ ಕಂಪನಿಯ ಸ್ಮಾಲ್ ಬ್ಲಾಕ್ ಅನ್ನುವ ವಿ8 ಇಂಜಿನ್. 1955ರಲ್ಲಿ ಬಂತು, 265 ಘನ ಇಂಚು. ವಾಲ್ವುಗಳು ಹೆಡ್ಡಿನಲ್ಲಿ, ತೂಕ ಕಡಿಮೆ. 1957ರ ಹೊತ್ತಿಗೆ 283 ಘನ ಇಂಚಿಗೆ 283 ಅಶ್ವಶಕ್ತಿ ಕೊಡುವ ಮಾದರಿಯೂ ಬಂತು. ಫ್ಲಾಟ್‌ಹೆಡ್ ಹಿಂದೆ ಬಿತ್ತು. ಒಂದು ವರ್ಷದ ಭಾಗ ಇನ್ನೊಂದು ವರ್ಷದ ಇಂಜಿನ್ನಿಗೂ ಬಹಳಷ್ಟು ಹೊಂದುತ್ತಿತ್ತು. ಹಾಗಾಗಿ ಫೋರ್ಡ್ ಬಾಡಿಯೊಳಗೂ ಅದೇ ಬಂದು ಕೂತಿತು. ಎಷ್ಟರಮಟ್ಟಿಗೆ ಅಂದರೆ ಅದಕ್ಕೆ ಬೆಲ್ಲಿಬಟನ್, ಅಂದರೆ ಹೊಕ್ಕುಳು, ಅಂತಲೇ ಹೆಸರು ಬಿತ್ತು. ಎಲ್ಲರಿಗೂ ಒಂದೊಂದು ಇದ್ದೇ ಇರುತ್ತದೆ! ಪ್ರತಿ ಸಂಚಿಕೆಯಲ್ಲೂ ಇದೇ ಇಂಜಿನ್ನೇ ಅಂತ ಗೊಣಗಿದ ಓದುಗರ ಶೆಡ್ಡಿನಲ್ಲೂ ಹೆಚ್ಚಾಗಿ ಇದ್ದದ್ದು ಅದೇ. ಪತ್ರಿಕೆಗೆ ಇದು ಕಷ್ಟದ ಹಾದಿ. ಉಪಯೋಗಕ್ಕೆ ಬರುವುದನ್ನು ಬರೆದರೆ ಒಂದೇ ಥರ ಆಗುತ್ತದೆ. ಅಪರೂಪದ್ದನ್ನು ಬರೆದರೆ ಹೆಚ್ಚಿನವರ ಕೈಗೆ ಎಟುಕುವುದಿಲ್ಲ.

ಅಪರೂಪದ ಚಂದದ ಕಾರುಗಳ ಫೋಟೋ ಬೇಡವೇ? ಖಂಡಿತ ಬೇಕು. ಕ್ಯಾಲಿಫೋರ್ನಿಯಾದ ಓಕ್‌ಲೆಂಡಿನಲ್ಲಿ ಶುರುವಾಗಿ ಈಗ ಪೊಮೋನಾದಲ್ಲಿ ನಡೆಯುವ ಪ್ರದರ್ಶನದಲ್ಲಿ ಅಮೆರಿಕದ ಅತಿ ಸುಂದರ ರೋಡ್‌ಸ್ಟರ್ ಅನ್ನುವ ಪ್ರಶಸ್ತಿಯನ್ನು 1950ರಿಂದ ಕೊಡುತ್ತಿದ್ದಾರೆ. ಮೊದಲು ಗೆದ್ದದ್ದು ಬಿಲ್ ನೀಕ್ಯಾಂಪ್ ಕಟ್ಟಿದ 1929ರ ಫೋರ್ಡ್. ಅಂಥ ಕಾರಿನ ನಿಲುವು, ಮುಂಭಾಗ ತುಸು ತಗ್ಗಿ ಹಿಂಬದಿ ಎತ್ತಿದ ರೇಕ್, ಚಕ್ರ ಮತ್ತು ಬಾಡಿಯ ನಡುವಿನ ಅಂತರ, ಇವನ್ನೆಲ್ಲ ನೋಡಿ ಕಣ್ಣು ಪಳಗುತ್ತದೆ. ಆದರೆ ಓಡಿಸದೆ, ಟ್ರೇಲರ್ ಮೇಲೆ ಹೊತ್ತು ಪ್ರದರ್ಶನಕ್ಕೆ ಮಾತ್ರ ತರುವ ಕಾರಿಗೆ ಅಲ್ಲಿನವರು ಟ್ರೇಲರ್ ಕ್ವೀನ್ ಅನ್ನುತ್ತಾರೆ. ಅದು ಹೊಗಳಿಕೆಯ ಮಾತಲ್ಲ. ನನ್ನ ಒಲವೂ ಓಡುವ ಕಾರಿನ ಕಡೆಗೇ. ಬಣ್ಣದಲ್ಲಿ ಕಲ್ಲು ಬಡಿದ ಗುರುತಿದ್ದರೂ ಸರಿ.

ಈ ಜಗಳಕ್ಕೆ ‘ಹಾಟ್ ರಾಡ್’ ಪತ್ರಿಕೆ ಕೊಟ್ಟ ಉತ್ತರ ನನಗೆ ತುಂಬಾ ಹಿಡಿಸುತ್ತದೆ. 2005ರಲ್ಲಿ ಡ್ರ್ಯಾಗ್ ವೀಕ್ ಅಂತ ಶುರು ಮಾಡಿದರು. ಐದು ದಿನ, ದಿನಕ್ಕೊಂದು ಡ್ರ್ಯಾಗ್ ಪಟ್ಟಿಯಲ್ಲಿ ಓಟ. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಅದೇ ಕಾರನ್ನು ಸಾಮಾನ್ಯ ರಸ್ತೆಯಲ್ಲಿ ಓಡಿಸಿಕೊಂಡೇ ಹೋಗಬೇಕು. ಒಟ್ಟು ಸುಮಾರು ಸಾವಿರ ಮೈಲಿ. ಹಿಂದೆ ಸಹಾಯದ ವಾಹನ ಬರುವಂತಿಲ್ಲ. ಬೇಕಾದ ಸ್ಪ್ಯಾನರು, ಬಿಡಿಭಾಗ ಎಲ್ಲ ತಾನೇ ಹೊತ್ತುಕೊಳ್ಳಬೇಕು. ವೇಗವೂ ಬೇಕು, ಬಾಳಿಕೆಯೂ ಬೇಕು ಅನ್ನುವ ಓದುಗರ ಹಠವನ್ನೇ ಸ್ಪರ್ಧೆಯ ನಿಯಮ ಮಾಡಿದ ಹಾಗಾಯಿತು.

ನಮ್ಮಲ್ಲಿ ಇದನ್ನೆಲ್ಲ ಮಾಡಬಹುದಾ ಅಂತ ಕೇಳುವವರಿಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಹಾಗಾಗಿ ಚಾವಣಿ ಕತ್ತರಿಸಿದ, ಬೇರೆ ಥರದ ಇಂಜಿನ್ ಹಾಕಿದ ಕಾರನ್ನು ಇಲ್ಲಿ ರಸ್ತೆಗೆ ತರುವುದು ಸಾಧ್ಯವಾಗದ ಮಾತು. ಹಳೆಯ ಕಾರನ್ನು ಮೂಲ ರೂಪಕ್ಕೆ ತರುವವರಿಗೆ ಮಾತ್ರ ತಗಡಿನ ಕೆಲಸದ, ಅಳತೆಯ ಪಾಠಗಳು ಅಷ್ಟೇ ಉಪಯೋಗಕ್ಕೆ ಬರುತ್ತವೆ.

ಅಮೆರಿಕದಲ್ಲಿ ಅದೇ 2019ರ ಕೊನೆಗೆ ಒಂದು ದೊಡ್ಡ ಕಂಪನಿ ತನ್ನ 22 ವಾಹನ ಪತ್ರಿಕೆಗಳಲ್ಲಿ 19ರ ಮುದ್ರಣ ನಿಲ್ಲಿಸಿತು. ‘ಕಾರ್ ಕ್ರಾಫ್ಟ್’, ‘ಸ್ಟ್ರೀಟ್ ರಾಡರ್’ ಹೋದವು. ಉಳಿದ ಮೂರರಲ್ಲಿ ‘ಹಾಟ್ ರಾಡ್’ ಒಂದು. ಕಲಿಯುವವರು ಈಗ ಹೆಚ್ಚಾಗಿ ವಿಡಿಯೋ ನೋಡುತ್ತಾರೆ. ವೆಲ್ಡಿಂಗ್ ಮಾಡುವ ಕೈ ಹೇಗೆ ಚಲಿಸುತ್ತದೆ ಅನ್ನೋದು ವಿಡಿಯೋದಲ್ಲೇ ಚೆನ್ನಾಗಿ ಗೊತ್ತಾಗುವುದು, ನಿಜ. ಆದರೆ ಕ್ಲೇ ಕೊಯ್ದು ಅಳತೆ ನೋಡುವಾಗ ಬೇಕಾಗುವುದು ಆ ಎರಡು ಅಂಕಿಗಳು, ಯಾವ ಬೋಲ್ಟಿಗೆ ಎಷ್ಟು ಬಿಗಿ ಅನ್ನುವ ಪಟ್ಟಿ, ಮತ್ತು ಅದನ್ನು ಯಾರು ಪರೀಕ್ಷಿಸಿ ಬರೆದರು ಅನ್ನುವ ಭರವಸೆ. ಕೈಗೆ ಗ್ರೀಸ್ ಮೆತ್ತಿಕೊಂಡಾಗ ವಿಡಿಯೋವನ್ನು ಹಿಂದೆ ಮುಂದೆ ಓಡಿಸುತ್ತ ಅದನ್ನೆಲ್ಲ ಹುಡುಕುವುದು ಕಷ್ಟ. ಬೆಂಚಿನ ಮೇಲೆ ತೆರೆದಿಟ್ಟ ಪುಟದಲ್ಲಿ ಅದು ಒಂದೇ ನೋಟಕ್ಕೆ ಸಿಗುತ್ತದೆ.