ಸಿಬಿಟಿ ಅಂದರೆ ‘ಪಾಸಿಟಿವ್ ಆಗಿ ಯೋಚಿಸು’ ಅಂತಲ್ಲ

ಮನಸ್ಸು ಸರಿಯಿಲ್ಲ ಅಂದರೆ ಸಾಕು, ‘ಸಿಬಿಟಿ ತಗೋ’ ಅನ್ನುವವರು ಈಗ ಜಾಸ್ತಿ. ಕೆಲವರಿಗೆ ಅದೊಂದು ಆ್ಯಪ್, ಕೆಲವರಿಗೆ ಬರೀ ಬುದ್ಧಿವಾದ. ಆದರೆ ಸಿಬಿಟಿ, ಅಂದರೆ ಅರಿವಿನ ವರ್ತನಾ ಚಿಕಿತ್ಸೆ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ), ಹುಟ್ಟಿದ ದಾರಿಯೇ ಬೇರೆ.

ಮೊದಲ ಬೇರು ವರ್ತನೆಯದು. ಮೊಲ ಕಂಡರೆ ಹೆದರುತ್ತಿದ್ದ ಮಗುವಿಗೆ ಇಷ್ಟದ ತಿಂಡಿ ಕೊಡುತ್ತಾ, ಮೊಲವನ್ನು ಚೂರುಚೂರೇ ಹತ್ತಿರ ತಂದು ಭಯ ಬಿಡಿಸಿದ್ದನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ 1924ರಲ್ಲೇ ಬರೆದಿದ್ದರು. ಮುಂದಿನ ಮೂವತ್ತು ವರ್ಷದಲ್ಲಿ ಅದೇ ಎಳೆ ಬೆಳೆದು ವರ್ತನಾ ಚಿಕಿತ್ಸೆಯಾಯಿತು.

ಎರಡನೆಯದು ಯೋಚನೆಯದು: ನಾವು ಹೇಗೆ ಯೋಚಿಸುತ್ತೇವೋ ಹಾಗೆ ನಮ್ಮ ಭಾವನೆ ಅನ್ನುವುದು. ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ 1950ರ ದಶಕದಲ್ಲೇ ಇದನ್ನು ಹಿಡಿದಿದ್ದರು. ಆದರೆ ಕಥೆ ರಂಗೇರುವುದು ಫಿಲಡೆಲ್ಫಿಯಾದ ಆರನ್ ಬೆಕ್ ಅವರಿಂದ. ಅವರು ಫ್ರಾಯ್ಡ್ ದಾರಿಯ ಮನೋವಿಶ್ಲೇಷಕ. ಖಿನ್ನತೆ ಅಂದರೆ ತನ್ನ ಮೇಲೇ ತಿರುಗಿದ ಸಿಟ್ಟು ಅನ್ನುವುದನ್ನು ಸಾಬೀತು ಮಾಡಲು ರೋಗಿಗಳ ಕನಸು ಕೆದಕಿದರು. ಸಿಕ್ಕಿದ್ದು ಸಿಟ್ಟಲ್ಲ, ಸೋಲು ಮತ್ತು ಕಳೆದುಕೊಂಡ ಭಾವ. ಒಮ್ಮೆ ರೋಗಿಯೊಬ್ಬರು ಮಾತಾಡುತ್ತಲೇ ಚಡಪಡಿಸುತ್ತಿದ್ದರು. ಕೇಳಿದರೆ, ಒಳಗೆ ಓಡುತ್ತಿದ್ದ ಮಾತು ಇಷ್ಟೇ: ‘ಡಾಕ್ಟರಿಗೆ ಬೋರ್ ಹೊಡೆಸ್ತಿದ್ದೀನಿ.’ ಕ್ಷಣದಲ್ಲಿ ಮಿಂಚಿ ಹೋಗುವ, ನಾವು ಪರೀಕ್ಷಿಸದೆ ನಂಬಿಬಿಡುವ ಇಂಥ ಮಾತುಗಳನ್ನು ಬೆಕ್ ‘ತಾನಾಗಿ ಬರುವ ಯೋಚನೆ’ ಅಂದರು. 1977ರ ಅಧ್ಯಯನವೊಂದರಲ್ಲಿ, ಇಂಥ ಯೋಚನೆಗಳನ್ನು ರೋಗಿಯ ಜೊತೆ ಕೂತು ಪರೀಕ್ಷಿಸುವ ಅವರ ವಿಧಾನ ಖಿನ್ನತೆಗೆ ಕೊಡುವ ಇಮಿಪ್ರಮಿನ್ ಮಾತ್ರೆಗಿಂತ ಹಿಂದೆ ಬೀಳಲಿಲ್ಲ. ಆಮೇಲೆ ಅದನ್ನು ಸುಮ್ನೆ ತಳ್ಳಿಹಾಕುವುದು ಕಷ್ಟವಾಯಿತು.

ಎರಡೂ ಬೇರು ಸೇರಿದಾಗ ಏನಾಗುತ್ತದೆ ಅನ್ನುವುದು ಪ್ಯಾನಿಕ್‌ನಲ್ಲಿ, ಅಂದರೆ ಇದ್ದಕ್ಕಿದ್ದಂತೆ ನುಗ್ಗುವ ವಿಪರೀತ ಭಯದಲ್ಲಿ, ಚೆನ್ನಾಗಿ ಕಾಣುತ್ತದೆ. ಎದೆ ಡವಡವ ಅಂದ ಕೂಡಲೇ ‘ಹಾರ್ಟ್ ಅಟ್ಯಾಕೇ’ ಅನ್ನಿಸುತ್ತದೆ. ಆ ಯೋಚನೆಗೇ ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತದೆ. ಥೆರಪಿಸ್ಟ್ ‘ಹಾಗೇನಿಲ್ಲ ಬಿಡಿ’ ಅನ್ನುವುದಿಲ್ಲ. ಬೇಕಂತಲೇ ಜೋರಾಗಿ ಉಸಿರಾಡಿಸುತ್ತಾರೆ, ನಿಂತಲ್ಲೇ ಓಡಿಸುತ್ತಾರೆ. ಅದೇ ಡವಡವ, ಅದೇ ತಲೆಸುತ್ತು. ಆದರೆ ಏನೂ ಆಗುವುದಿಲ್ಲ. ಸಮಾಧಾನದ ಮಾತಿಗಿಂತ ಇದೇ ನಾಟುವುದು, ಅಲ್ವಾ?

2008ರಿಂದ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಇಂಥ ಥೆರಪಿಯನ್ನು ದೊಡ್ಡ ಮಟ್ಟದಲ್ಲಿ ಹಂಚತೊಡಗಿತು. ಒಳ್ಳೆಯದೇ. ಆದರೆ ಜನ ಜಾಸ್ತಿ, ಥೆರಪಿಸ್ಟರು ಕಡಿಮೆ ಇರುವ ಕಡೆಯಲ್ಲೆಲ್ಲ ಸಿಬಿಟಿ ಸುಲಭವಾಗಿ ಹಾಳೆಯ ಮೇಲಿನ ಮೂರು ಕಾಲಂ ಆಗಿಬಿಡುತ್ತದೆ: ಘಟನೆ, ಯೋಚನೆ, ಭಾವನೆ. ಮನೆಯಲ್ಲಿ ಕೂತು ಅದನ್ನು ತುಂಬಬಹುದು. ನಿಂತಲ್ಲೇ ಓಡಿ ನೋಡುವಾಗ ಪಕ್ಕದಲ್ಲಿ ಒಬ್ಬರು ಇರಬೇಕು ಅನ್ನುವುದಕ್ಕೆ ಮಾತ್ರ ಅದರಲ್ಲಿ ಕಾಲಂ ಇಲ್ಲ.